ಒಂದೇ ಹೊಳೆಯ ದಂಡೆ: ಗಯಾ ಮತ್ತು ಬೋಧಗಯಾ

ನಮ್ಮ ಮನೆಗಳಲ್ಲಿ ಕಾಶಿ-ಗಯಾ ಅಂತ ಒಂದೇ ಉಸಿರಿನಲ್ಲಿ ಹೇಳ್ತಾರೆ, ಏನೋ ಪಕ್ಕಪಕ್ಕದ ಬೀದಿಗಳು ಅನ್ನೋ ಹಾಗೆ. ನಡುವೆ ಇನ್ನೂರು ಕಿಲೋಮೀಟರಿಗಿಂತ ಹೆಚ್ಚು ದೂರ ಇದೆ, ರಾಜ್ಯವೂ ಬೇರೆ. ಕಾಶಿ ಬಗ್ಗೆ ನೀವು ನೂರು ರೀಲ್ಸ್ ನೋಡಿರ್ತೀರಿ, ಗಯಾ ಬಗ್ಗೆ ನೋಡಿರೋದು ಕಡಿಮೆ. ಯಾಕಂದ್ರೆ ಅಲ್ಲಿಗೆ ಯಾರೂ ಸೆಲ್ಫಿಗೆ ಅಂತ ಹೋಗಲ್ಲ, ಸತ್ತವರಿಗೆ ಪಿಂಡ ಇಡೋಕೆ ಹೋಗ್ತಾರೆ. ಅಲ್ಲಿನ ಅಕ್ಷಯವಟದ ಕೆಳಗೆ ಇಷ್ಟವಾದ ಒಂದು ಹಣ್ಣು, ಒಂದು ತರಕಾರಿ ಬಿಟ್ಟು ಬರಬೇಕು, ಆಮೇಲೆ ಜೀವ ಇರೋವರೆಗೂ ತಿನ್ನಬಾರದು ಅನ್ನೋ ಪದ್ಧತಿ ಇದೆ. ನಮ್ಮ ಕಡೆಯ ಜಾಣರು ಹಾಗಲಕಾಯಿ ಬಿಟ್ಟು ಬಂದಿರ್ತಾರೆ!

ಹೋದ ಡಿಸೆಂಬರಿನಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಅಮ್ಮ ತೀರಿಕೊಂಡು ಮೂರು ವರ್ಷ ಆಗಿತ್ತು. ಜೊತೆಗೆ ಬಂದವಳು ಕಲಬುರಗಿಯ ಗೆಳತಿ, ಕಾಲೇಜಿನಿಂದಲೂ ಒಟ್ಟಿಗೆ ಇದ್ದೀವಿ. ಅವಳ ಅಜ್ಜನ ಕಾಲದಿಂದ ಅವರ ಮನೆಯವರು ಬೌದ್ಧರು. ನಾನು ಹೋಗಬೇಕಾಗಿದ್ದು ಗಯೆಗೆ, ಅವಳು ಹೋಗಬೇಕಾಗಿದ್ದು ಬೋಧಗಯೆಗೆ. ಹನ್ನೆರಡು-ಹದಿಮೂರು ಕಿಲೋಮೀಟರ್ ಅಂತರ, ಒಂದೇ ಟಿಕೆಟ್ಟಿನಲ್ಲಿ ಎರಡು ಕೆಲಸ ಅಂದುಕೊಂಡು ಹೊರಟ್ವಿ.

"ಹಿಂದೂಗಳಿಗೂ ಬೌದ್ಧರಿಗೂ ಪವಿತ್ರವಾದ ಕ್ಷೇತ್ರ" ಅಂತ ಪ್ರವಾಸದ ಪುಸ್ತಕಗಳಲ್ಲಿ ಒಂದೇ ಸಾಲು ಬರೆದು ಮುಗಿಸ್ತಾರೆ. ಆ ಎರಡು "ಗೂ"ಗಳ ನಡುವೆ ಏನೇನಿದೆ ಅನ್ನೋದೇ ಇವತ್ತಿನ ಮಾತು.

ಮೊದಲು ನಕ್ಷೆ ಹೇಳಿಬಿಡ್ತೀನಿ. ಬೋಧಗಯೆಯ ಪಕ್ಕದಲ್ಲಿ ಹರಿಯೋದು ನಿರಂಜನಾ ನದಿ, ಈಗಿನವರು ಲೀಲಾಜನ್ ಅಂತಾರೆ. ಸಿದ್ಧಾರ್ಥ ಉಪವಾಸ ಬಿಟ್ಟು ಸುಜಾತೆಯ ಕೈಯ ಪಾಯಸ ಉಂಡಿದ್ದು ಇದೇ ನದಿಯ ದಂಡೆಯಲ್ಲಿ. ನದಿ ಉತ್ತರಕ್ಕೆ ಹರಿದು, ಮೋಹನಾ ಅನ್ನೋ ಇನ್ನೊಂದು ನದಿಯನ್ನು ಕೂಡಿಕೊಂಡು ಫಲ್ಗು ಆಗುತ್ತೆ. ಫಲ್ಗುವಿನ ದಂಡೆಯಲ್ಲೇ ಗಯಾ. ಅಂದ್ರೆ ಮೇಲೆ ಬುದ್ಧ ದಾಟಿದ ನೀರು, ಕೆಳಗೆ ನಾವು ಪಿಂಡ ಬಿಡೋ ನೀರು. ನೀರು ಅಂದೆ, ಆದರೆ ವರ್ಷದ ಬಹುಪಾಲು ಫಲ್ಗುವಿನಲ್ಲಿ ಕಾಣೋದು ಮರಳೇ. ಮರಳು ಕೆರೆದರೆ ಒಳಗೆ ನೀರು ಸಿಗುತ್ತೆ. 2022ರಲ್ಲಿ ಒಂದು ರಬ್ಬರ್ ಡ್ಯಾಮ್ ಕಟ್ಟಿದ ಮೇಲೆ ವಿಷ್ಣುಪಾದದ ಘಾಟಿನಲ್ಲಿ ನೀರು ನಿಲ್ಲುತ್ತಿದೆ.

ನದಿ ಹೀಗೆ ಒಣಗಿದ್ದಕ್ಕೆ ಸೀತೆಯ ಶಾಪ ಕಾರಣ ಅಂತ ಸ್ಥಳದ ಕಥೆ. ರಾಮ ಲಕ್ಷ್ಮಣರು ಸಾಮಾನು ತರೋಕೆ ಹೋಗಿದ್ದಾಗ ದಶರಥನ ಆತ್ಮ ಬಂದು ಕೈ ಚಾಚಿತಂತೆ. ಸೀತೆ ಮರಳಿನಲ್ಲೇ ಪಿಂಡ ಮಾಡಿ ಕೊಟ್ಟಳು. ವಾಪಸ್ ಬಂದ ರಾಮ ನಂಬಲಿಲ್ಲ. ಸಾಕ್ಷಿ ಕೇಳಿದರೆ ನದಿ ಸುಳ್ಳು ಹೇಳಿತು, ಹಸು ಸುಳ್ಳು ಹೇಳಿತು, ಕೇದಿಗೆ ಹೂವೂ ಸುಳ್ಳು ಹೇಳಿತು. ನಿಜ ಹೇಳಿದ್ದು ಆಲದ ಮರ ಒಂದೇ. ಅದೇ ಅಕ್ಷಯವಟ. ನಾನು ಒಬ್ಬಳೇ ಮಗಳು, ಅಣ್ಣತಮ್ಮಂದಿರು ಇಲ್ಲ. ಊರಲ್ಲಿ "ಹೆಣ್ಣುಮಕ್ಕಳು ಪಿಂಡ ಇಡೋ ಹಾಗಿಲ್ಲ" ಅಂದವರು ಇದ್ದರು. ಗಯೆಯ ಪುರೋಹಿತರು ಮಾತ್ರ ಆ ಪ್ರಶ್ನೆ ಎತ್ತಲೇ ಇಲ್ಲ. "ಇಲ್ಲಿ ಮೊದಲು ಇಟ್ಟವಳೇ ಸೀತಾಮಾಯಿ" ಅಂತ ಹಿಂದಿಯಲ್ಲಿ ಹೇಳಿ, ದರ್ಭೆ ಕೈಗೆ ಕೊಟ್ಟರು.

ಇವರನ್ನು ಗಯಾವಾಲರು ಅಂತಾರೆ. ಬಿಹಾರದ ಈ ಪುರೋಹಿತ ಸಮುದಾಯ ಮಧ್ವ ಸಂಪ್ರದಾಯಕ್ಕೆ ಸೇರಿದ್ದು. ಉಡುಪಿ ಹತ್ತಿರದ ಪಾಜಕದಲ್ಲಿ ಹುಟ್ಟಿದವರ ಮತ ಫಲ್ಗು ದಂಡೆಯಲ್ಲಿ ಇವತ್ತಿಗೂ ನಡೀತಿದೆ. ಯಾವ ಊರಿನ ಯಾವ ಮನೆಯವರು ಯಾವಾಗ ಬಂದಿದ್ದರು ಅಂತ ಬರೆದಿಡೋ ಬಹಿ ಪುಸ್ತಕಗಳೂ ಅವರ ಹತ್ತಿರ ಇವೆ. ದಕ್ಷಿಣೆ ವಿಷಯದಲ್ಲಿ ಚೌಕಾಸಿ ನಡೆಯುತ್ತೆ, ಮೊದಲೇ ಮಾತಾಡಿಕೊಂಡು ಕೂತರೆ ಒಳ್ಳೇದು. ಅಷ್ಟು ಸಾಕು ಆ ವಿಷಯ.

ವಿಷ್ಣುಪಾದ ದೇವಸ್ಥಾನವನ್ನು ಈಗಿನ ರೂಪದಲ್ಲಿ ಕಟ್ಟಿಸಿದ್ದು ಇಂದೋರಿನ ರಾಣಿ ಅಹಲ್ಯಾಬಾಯಿ ಹೋಳ್ಕರ್, 18ನೇ ಶತಮಾನದ ಕೊನೆಯಲ್ಲಿ. ಗಯಾಸುರನ ಮೇಲೆ ವಿಷ್ಣು ಇಟ್ಟ ಹೆಜ್ಜೆ ಅಂತ ಪೂಜೆ ಮಾಡೋ ಪಾದದ ಗುರುತು ಒಳಗಿದೆ. ಅದನ್ನು ನೋಡೋ ಹೊತ್ತಿಗೆ ನಾನು ಬೇರೆಯದೇ ಮನಸ್ಥಿತಿಯಲ್ಲಿದ್ದೆ. ಅದಕ್ಕೆ ಕಾರಣ ಮಾತೃಷೋಡಶಿ.

ಇದರ ಬಗ್ಗೆ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಗಯಾ ಶ್ರಾದ್ಧದಲ್ಲಿ ಎಲ್ಲರಿಗೂ ಇಡೋ ಪಿಂಡದ ಜೊತೆಗೆ ತಾಯಿಗೆ ಅಂತಲೇ ಹದಿನಾರು ಪಿಂಡ ಇಡ್ತಾರೆ. ಹದಿನಾರಕ್ಕೂ ಬೇರೆ ಬೇರೆ ಮಂತ್ರ. ಒಂದೊಂದು ಮಂತ್ರವೂ ತಾಯಿ ಪಟ್ಟ ಒಂದೊಂದು ಕಷ್ಟದ ಹೆಸರು ಹೇಳುತ್ತೆ. ಹೊಟ್ಟೆಯಲ್ಲಿ ಹೊತ್ತುಕೊಂಡ ಭಾರಕ್ಕೆ ಒಂದು ಪಿಂಡ. ಹೆರಿಗೆ ನೋವಿಗೆ ಒಂದು. ಕಹಿ ಕಷಾಯ ಕುಡಿದಿದ್ದಕ್ಕೆ. ರಾತ್ರಿ ಮಗು ಒದ್ದೆ ಮಾಡಿದ ಬಟ್ಟೆಯಲ್ಲಿ ಮಲಗಿದ್ದಕ್ಕೆ. ಹಗಲು ರಾತ್ರಿ ಅನ್ನದೆ ಹಾಲೂಡಿಸಿದ್ದಕ್ಕೆ. ಮಗುವಿಗೆ ಜ್ವರ ಬಂದಾಗ ತಾನು ಬೆಂದಿದ್ದಕ್ಕೆ. ಪುರೋಹಿತರು ಸಂಸ್ಕೃತದಲ್ಲಿ ಹೇಳಿ, ಆಮೇಲೆ ಹಿಂದಿಯಲ್ಲಿ ಎರಡು ಮಾತಿನಲ್ಲಿ ಅರ್ಥ ಹೇಳ್ತಾ ಹೋದರು. ಐದನೆಯದೋ ಆರನೆಯದೋ ಹೊತ್ತಿಗೆ ನನಗೆ ಹಿಟ್ಟು ಉಂಡೆ ಕಟ್ಟೋಕೆ ಆಗಲಿಲ್ಲ. ಪಕ್ಕದಲ್ಲಿ ರಾಜಸ್ಥಾನದ ಕಡೆಯವರು ಒಬ್ಬರು, ಅರುವತ್ತು ದಾಟಿರಬೇಕು, ಅವರೂ ಅಳ್ತಿದ್ದರು. ನೋಡಿ, ಸತ್ತ ಮೇಲೆ ಆತ್ಮ ಎಲ್ಲಿ ಹೋಗುತ್ತೆ ಅಂತ ನನಗೆ ಪಕ್ಕಾ ನಂಬಿಕೆ ಏನಿಲ್ಲ. ಆದರೆ ಒಬ್ಬ ಹೆಂಗಸು ಒದ್ದೆ ಬಟ್ಟೆಯಲ್ಲಿ ಮಲಗಿದ ರಾತ್ರಿಗಳನ್ನ ಲೆಕ್ಕ ಇಟ್ಟು, ಅದಕ್ಕೊಂದು ಹೆಸರು ಕೊಟ್ಟು, ಮಕ್ಕಳ ಬಾಯಿಂದ ಹೇಳಿಸೋ ಶಾಸ್ತ್ರ ನಾನು ಇನ್ನೆಲ್ಲೂ ಕಂಡಿಲ್ಲ.

ಅಷ್ಟೂ ಹೊತ್ತು ಗೆಳತಿ ಹೊರಗೆ ಘಾಟಿನ ಮೆಟ್ಟಿಲ ಮೇಲೆ ಕೂತಿದ್ದಳು. ದೇವಸ್ಥಾನದ ಬಾಗಿಲಲ್ಲಿ ಹಿಂದೂ ಅಲ್ಲದವರಿಗೆ ಪ್ರವೇಶ ಇಲ್ಲ ಅನ್ನೋ ಫಲಕ ಇದೆ. "ನಿನ್ನನ್ನ ಯಾರು ಕೇಳ್ತಾರೆ, ಬಾ" ಅಂದಿದ್ದೆ. "ಯಾರೂ ಕೇಳಂಗಿಲ್ಲ, ಆದ್ರ ನಾ ಬರಂಗಿಲ್ಲ. ನೀ ಹೋಗಿ ಬಾ" ಅಂದಳು. ಕಾನೂನು ನೋಡಿದರೆ ಇಲ್ಲೊಂದು ತಮಾಷೆ ಇದೆ. ಹಿಂದೂ ಧಾರ್ಮಿಕ ಸಂಸ್ಥೆಗಳ ಬಾಗಿಲು ಎಲ್ಲ ವರ್ಗಕ್ಕೂ ತೆರೀಬೇಕು ಅನ್ನೋ ವಿಷಯದಲ್ಲಿ ಸಂವಿಧಾನದ 25ನೇ ವಿಧಿಯ ವಿವರಣೆ ಸಿಖ್ಖರನ್ನೂ ಜೈನರನ್ನೂ ಬೌದ್ಧರನ್ನೂ ಹಿಂದೂ ಪದದೊಳಗೇ ಸೇರಿಸುತ್ತೆ. ಅವಳಿಗೆ ಅದು ಗೊತ್ತು, ಅವಳು ಓದಿರೋದೇ ಕಾನೂನು. ಅವಳು ಹೊರಗೆ ಉಳಿದಿದ್ದಕ್ಕೆ ಕಾರಣ ಫಲಕ ಅಲ್ಲ. 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದಾಗ ಜನರಿಂದ ಇಪ್ಪತ್ತೆರಡು ಪ್ರತಿಜ್ಞೆ ಮಾಡಿಸಿದರು. ಬುದ್ಧ ವಿಷ್ಣುವಿನ ಅವತಾರ ಅನ್ನೋದನ್ನು ಒಪ್ಪಲ್ಲ ಅನ್ನೋದು ಅದರಲ್ಲಿ ಒಂದು. ಶ್ರಾದ್ಧ ಮಾಡಲ್ಲ, ಪಿಂಡ ಇಡಲ್ಲ ಅನ್ನೋದು ಅದರ ಮುಂದಿನದೇ. ಅವಳ ಅಜ್ಜ ಆ ಮಾತು ಕೊಟ್ಟಿದ್ದಾರೆ. ನಾನು ಅಮ್ಮನಿಗೆ ಕೊಡೋ ಪಿಂಡ ನನಗೆ ಎಷ್ಟು ದೊಡ್ಡದೋ, ಅವಳು ಕೊಡದೇ ಇರೋದು ಅವಳಿಗೆ ಅಷ್ಟೇ ದೊಡ್ಡದು.

ಮರುದಿನ ಬೆಳಗ್ಗೆ ನದಿ ಪಕ್ಕದ ದಾರಿ ಹಿಡಿದು ಬೋಧಗಯೆಗೆ ಆಟೋದಲ್ಲಿ ಹೋದ್ವಿ. ಮಂಜು ಎಷ್ಟಿತ್ತು ಅಂದ್ರೆ ಎದುರಿನ ಲಾರಿ ಕಾಣ್ತಿರಲಿಲ್ಲ. ಮಹಾಬೋಧಿ ಮಂದಿರದೊಳಗೆ ಮೊಬೈಲ್ ಬಿಡಲ್ಲ, ಹೊರಗೆ ಕೌಂಟರಿನಲ್ಲಿ ಇಟ್ಟು ಹೋಗಬೇಕು. ಇಡೀ ಮಂದಿರ ಇಟ್ಟಿಗೆಯದು, ಎತ್ತರ ಸುಮಾರು 55 ಮೀಟರ್, ಮೂಲ ಕಟ್ಟಡ 5-6ನೇ ಶತಮಾನದ್ದು. ಅದಕ್ಕೂ ಮೊದಲು ಅಶೋಕ ಇಲ್ಲೊಂದು ಗುಡಿ ಕಟ್ಟಿಸಿದ್ದ. ಗೆಳತಿಗೆ ಅಶೋಕ ಅಂದ್ರೆ ತಮ್ಮೂರ ಕಡೆಯವನೇ. ಯಾಕಂದ್ರೆ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ "ರಾಯೋ ಅಸೋಕೋ" ಅಂತ ಹೆಸರು ಕೆತ್ತಿರೋ ಅವನ ಶಿಲ್ಪ ಸಿಕ್ಕಿದ್ದು ಅವರ ಜಿಲ್ಲೆಯಲ್ಲೇ.

ಮಂದಿರದ ಹಿಂದೆ ಬೋಧಿವೃಕ್ಷ. ಹಳೆಯ ಮರ 1876ರಲ್ಲಿ ಬಿರುಗಾಳಿಗೆ ಬಿತ್ತು, ಈಗಿರೋದು ಆಮೇಲೆ ನೆಟ್ಟಿದ್ದು. ಸುತ್ತಲೂ ಥಾಯ್, ಬರ್ಮಾ, ಶ್ರೀಲಂಕಾ, ವಿಯೆಟ್ನಾಂನವರು ಅವರವರ ಭಾಷೆಯಲ್ಲಿ, ಅವರವರ ರಾಗದಲ್ಲಿ ಪಠಣ ಮಾಡ್ತಾ ಕೂತಿದ್ದರು. ನಾವು ಮಾತಾಡ್ತಿದ್ದದ್ದು ಕೇಳಿ ಒಬ್ಬ ಟಿಬೆಟನ್ ಸನ್ಯಾಸಿ "ಬೆಂಗಳೂರಾ?" ಅಂತ ಕನ್ನಡದಲ್ಲೇ ಕೇಳಿದರು. ಬೈಲಕುಪ್ಪೆಯವರು. "ಇಲ್ಲಿ ಚಳಿ ಜಾಸ್ತಿ, ನಮ್ಮೂರೇ ವಾಸಿ" ಅಂದರು. ಅವರ ನಮ್ಮೂರು ಅಂದ್ರೆ ಲಾಸಾ ಅಲ್ಲ, ಮೈಸೂರು ಜಿಲ್ಲೆ.

ಒಂದು ಎಲೆ ಬಿದ್ದರೆ ಸಾಕು, ಹತ್ತು ಜನ ಎದ್ದು ಓಡ್ತಾರೆ. ಗೆಳತಿ ಓಡಲಿಲ್ಲ. ಕಣ್ಣು ಮುಚ್ಚಿ ಒಂದು ಗಂಟೆ ಕೂತಳು.

ಗಯಾ ಶ್ರಾದ್ಧವನ್ನು ಪೂರ್ತಿ ಮಾಡೋರಿಗೆ ಧರ್ಮಾರಣ್ಯ, ಮತಂಗವಾಪಿ, ಬೋಧಿವೃಕ್ಷ ಕೂಡ ಪಟ್ಟಿಯಲ್ಲಿವೆ. ಗಯಾ ಮಾಹಾತ್ಮ್ಯದಲ್ಲೇ ಬೋಧಿಮರಕ್ಕೆ ನಮಸ್ಕಾರ ಇದೆ. ಹಾಗಾಗಿ ಹಿಂದೂಗಳು ಇಲ್ಲಿಗೆ ಬರೋದು ಇವತ್ತು ನಿನ್ನೆಯದಲ್ಲ. ಆದರೆ ಬೀಗದ ಕೈ ಯಾರ ಹತ್ತಿರ ಅನ್ನೋದು ಬೇರೆ ವಿಷಯ. ಶತಮಾನಗಳ ಕಾಲ ಜಾಗ ಶೈವ ಮಹಂತರ ಮಠದ ಕೈಯಲ್ಲಿತ್ತು. 1891ರಲ್ಲಿ ಸಿಂಹಳದಿಂದ ಬಂದ ಅನಾಗಾರಿಕ ಧರ್ಮಪಾಲ, ಪಾಳು ಬಿದ್ದ ಸ್ಥಿತಿ ನೋಡಿ, ಇದನ್ನು ಬೌದ್ಧರಿಗೆ ವಾಪಸ್ ಕೊಡಿಸ್ತೀನಿ ಅಂತ ಹಟ ಹಿಡಿದರು. ಜಪಾನಿನಿಂದ ಬಂದ ಬುದ್ಧನ ವಿಗ್ರಹವನ್ನು 1895ರಲ್ಲಿ ಮಂದಿರದೊಳಗೆ ಇಟ್ಟಾಗ ಮಹಂತರ ಕಡೆಯವರು ತೆಗೆಸಿದರು, ವಿಷಯ ಕೋರ್ಟಿಗೆ ಹೋಯಿತು. ಧರ್ಮಪಾಲ ತೀರಿಕೊಂಡಿದ್ದು 1933ರಲ್ಲಿ, ಅಲ್ಲಿವರೆಗೂ ಏನೂ ಇತ್ಯರ್ಥ ಆಗಲಿಲ್ಲ.

1949ರಲ್ಲಿ ಬಿಹಾರ ಒಂದು ಕಾಯ್ದೆ ಮಾಡಿತು. ಸಮಿತಿಯಲ್ಲಿ ನಾಲ್ವರು ಬೌದ್ಧರು, ನಾಲ್ವರು ಹಿಂದೂಗಳು, ಅಧ್ಯಕ್ಷತೆ ಜಿಲ್ಲಾಧಿಕಾರಿಗೆ. ಜಿಲ್ಲಾಧಿಕಾರಿ ಹಿಂದೂ ಅಲ್ಲದಿದ್ದರೆ ಆ ಅವಧಿಗೆ ಬೇರೊಬ್ಬ ಹಿಂದೂವನ್ನು ಅಧ್ಯಕ್ಷ ಮಾಡಬೇಕು ಅನ್ನೋ ಷರತ್ತು 2013ರ ತಿದ್ದುಪಡಿವರೆಗೂ ಇತ್ತು! ಆಡಳಿತ ಪೂರ್ತಿ ಬೌದ್ಧರಿಗೇ ಬರಬೇಕು ಅಂತ 2025ರ ಫೆಬ್ರವರಿಯಲ್ಲಿ ಭಿಕ್ಷುಗಳು ಉಪವಾಸ ಕೂತರು. "ನಾಲ್ಕು-ನಾಲ್ಕು ಸಮ ಅಲ್ವಾ?" ಅಂತ ನಾನು ಕೇಳಿದೆ. "ವಿಷ್ಣುಪಾದದ ಕಮಿಟಿಯೊಳಗ ನಾಲ್ಕು ಮಂದಿ ಬೌದ್ಧರನ್ನ ಕೂಡಸ್ತೀರೇನು?" ಅಂದಳು. ಉತ್ತರ ನನ್ನ ಹತ್ತಿರ ಇರಲಿಲ್ಲ, ಈಗಲೂ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹಿಂದೂಗಳು ಅಲ್ಲಿ ಕೈಮುಗಿಯೋದಕ್ಕೆ ಅಡ್ಡಿ ಇರಬಾರದು. ಆದರೆ ಕೈಮುಗಿಯೋಕೆ ಸಮಿತಿಯಲ್ಲಿ ಕುರ್ಚಿ ಬೇಕಾಗಿಲ್ಲ.

ಕೊನೆಯ ದಿನ ವಾಪಸ್ ಗಯೆಗೆ ಬಂದು ಬ್ರಹ್ಮಯೋನಿ ಬೆಟ್ಟ ಹತ್ತಿದ್ವಿ. ಹಿಂದೂಗಳಿಗೆ ಇದು ಪಿಂಡ ಇಡೋ ಜಾಗಗಳಲ್ಲಿ ಒಂದು. ಬೌದ್ಧರಿಗೆ ಇದೇ ಗಯಾಶೀರ್ಷ. ಜ್ಞಾನೋದಯದ ಸ್ವಲ್ಪ ಕಾಲದ ಮೇಲೆ ಬುದ್ಧ ಇಲ್ಲಿ, ಅಗ್ನಿಪೂಜೆ ಬಿಟ್ಟು ಬಂದ ಸಾವಿರ ಜಟಿಲ ತಪಸ್ವಿಗಳ ಮುಂದೆ, ಉರಿಯ ಬಗ್ಗೆ ಉಪದೇಶ ಮಾಡಿದ. ಕಣ್ಣು ಉರೀತಿದೆ, ಕಿವಿ ಉರೀತಿದೆ, ಮನಸ್ಸೂ ಉರೀತಿದೆ, ಆಸೆಯಿಂದ, ದ್ವೇಷದಿಂದ, ಮೋಹದಿಂದ ಅನ್ನೋದು ಅದರ ಸಾರ. ಅವಳು ಅದನ್ನು ನನಗೆ ಕಲಬುರಗಿ ಕನ್ನಡದಲ್ಲಿ ಹೇಳಿದಳು. ಕೆಳಗೆ ಊರು, ಊರಾಚೆ ಮರಳಿನ ಪಟ್ಟಿಯ ಹಾಗೆ ನದಿ ಕಾಣ್ತಿತ್ತು.

ಇಳಿಯೋ ಮುಂಚೆ ಅವಳು ಆ ಹದಿನಾರನ್ನ ಹೇಳು ಅಂದಳು. ನೆನಪಿದ್ದಷ್ಟು ಹೇಳಿದೆ, ಹನ್ನೊಂದಾಯಿತು. ಕಷಾಯದ್ದು ಕೇಳಿ ನಕ್ಕಳು. ಒದ್ದೆ ಬಟ್ಟೆಯದು ಕೇಳಿ ಏನೂ ಅನ್ನಲಿಲ್ಲ. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನ್ ಮಾಡಿದಳು. ಸಿಗ್ನಲ್ ಚೆನ್ನಾಗಿರಲಿಲ್ಲ, ಸ್ಪೀಕರಿಗೆ ಹಾಕಿದ್ದಳು. ಆ ಕಡೆಯಿಂದ ಅವಳ ಅವ್ವ, "ಊಟ ಆತೇನು? ಅಲ್ಲಿ ಥಂಡಿ ಭಾಳ ಐತಂತ, ಕಿವಿಗಿ ಏನರೆ ಕಟ್ಗೊಂಡಿಯಿಲ್ಲೋ?" ಅಂತ ಕೇಳ್ತಿದ್ದರು.