ಹೆಸರು ಹಿಡಿದು ಕರೆಯೋಣ

(ವಾರ್ಷಿಕ ನಿಧಿ ಸಂಗ್ರಹ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಯುಎಇಯಲ್ಲಿ ನೆಲೆಸಿರುವ ಕನ್ನಡಿಗರಾದ ನಮ್ಮಲ್ಲಿ ಹಲವರು ಇಂದು ಫೋರ್‌ಮನ್, ಸೈಟ್ ಎಂಜಿನಿಯರ್, ಮ್ಯಾನೇಜರ್ ಹುದ್ದೆಗಳಲ್ಲಿದ್ದೇವೆ. ಕೈಕೆಳಗೆ ಹತ್ತು ಜನರಿರಲಿ, ನೂರು ಜನರಿರಲಿ, ಅವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದು ಬರೀ ಸೌಜನ್ಯದ ಮಾತಲ್ಲ. ಇಲ್ಲಿನ ಬೇಸಿಗೆಯಲ್ಲಿ ಅದು ಪ್ರಾಣದ ಪ್ರಶ್ನೆ.

ಮಧ್ಯಾಹ್ನದ ವಿರಾಮದ ನಿಯಮ 2005ರಲ್ಲಿ ಇಲ್ಲಿ ಜಾರಿಗೆ ಬಂತು. ಈಗ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, 12.30ರಿಂದ 3 ಗಂಟೆಯ ತನಕ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಒಳ್ಳೆಯ ನಿಯಮ. ಆದರೆ ಬೆಳಿಗ್ಗೆ 11 ಗಂಟೆಗೇ ತಲೆ ಸುತ್ತುತ್ತಿರುವವನನ್ನು ನಿಯಮ ಗುರುತಿಸಲಾರದು. ಅವನ ಮೇಲ್ವಿಚಾರಕರೇ ಗುರುತಿಸಬೇಕು.

ತಲೆನೋವು, ಓಕರಿಕೆ, ತಲೆಸುತ್ತು ಬಿಸಿಲಿನ ಬೇನೆಯ ಮೊದಲ ಲಕ್ಷಣಗಳು. ಮಾತು ತೊದಲಿ, ಗೊಂದಲ ಕಾಣಿಸಿಕೊಂಡರೆ ಅದು ಹೀಟ್ ಸ್ಟ್ರೋಕ್ ಇರಬಹುದು. ತಕ್ಷಣ 998ಕ್ಕೆ ಕರೆ ಮಾಡಿ ಆಂಬ್ಯುಲೆನ್ಸ್ ತರಿಸಬೇಕು, ಅದು ಬರುವವರೆಗೆ ನೆರಳಿಗೆ ಒಯ್ದು ತಣ್ಣೀರಿನಿಂದ ಮೈ ತಂಪು ಮಾಡುತ್ತಿರಬೇಕು. ಇದು ನಮಗೆಲ್ಲ ತಿಳಿದದ್ದೇ. ಆದರೆ ದಿನವೂ ಬೈಸಿಕೊಳ್ಳುವವನು "ಸರ್, ಆಗುತ್ತಿಲ್ಲ" ಎಂದು ಬಾಯಿ ಬಿಡುವನೇ? ಸಂಬಳ ಕಡಿತವಾದೀತೆಂದು ಹಲ್ಲು ಕಚ್ಚಿ ದುಡಿಯುತ್ತಾನೆ, ಬೀಳುವವರೆಗೂ.

ಕೆಲವು ಸೈಟುಗಳಲ್ಲಿ ಕೆಲಸಗಾರನಿಗೆ ಹೆಸರೇ ಇರುವುದಿಲ್ಲ. "ಏ ಬಂಗಾಲಿ", "ಏ ಹೆಲ್ಪರ್", ಇಲ್ಲವೇ ಬರೀ ಒಂದು ನಂಬರು. ಬೆಳಿಗ್ಗೆ ಹೆಸರು ಹಿಡಿದು ಕರೆದು, ಮುಖ ನೋಡಿ "ನಿದ್ದೆ ಆಯಿತೇ? ಊಟ ಆಯಿತೇ?" ಎಂದು ಕೇಳಲು ಅರ್ಧ ನಿಮಿಷ ಸಾಕು. ಅದರಿಂದ ಎರಡು ಲಾಭ. ಅವನಿಗೆ ನಮ್ಮೆದುರು ಮಾತಾಡುವ ಧೈರ್ಯ ಬರುತ್ತದೆ. ನಮಗೂ ಅವನ ಮುಖದ ಪರಿಚಯವಾಗುತ್ತದೆ. ನಿನ್ನೆಯ ಮುಖ ಬಲ್ಲವನಿಗೆ ಮಾತ್ರ ಇಂದಿನ ಬದಲಾವಣೆ ಕಂಡೀತು.

ಊರಿನಿಂದ ಹೊಸದಾಗಿ ಬಂದವರ ಮೇಲೆ ಇನ್ನೂ ಹೆಚ್ಚಿನ ಗಮನವಿರಲಿ. ದೇಹ ಸೆಕೆಗೆ ಒಗ್ಗಲು ಒಂದೆರಡು ವಾರ ಬೇಕು. ಮೊದಲ ದಿನ ಐದರಲ್ಲಿ ಒಂದು ಪಾಲು ಹೊತ್ತು ಮಾತ್ರ ಬಿಸಿಲಿನ ಕೆಲಸ ಕೊಟ್ಟು, ದಿನಕ್ಕೊಂದು ಪಾಲಿನಂತೆ ಏರಿಸುವುದು ತಜ್ಞರ ಸಲಹೆ. 15-20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಲು ಹೇಳೋಣ. ನಾವೂ ಅವರೊಡನೆ ನಿಂತು ಕುಡಿಯೋಣ. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎಂಬ ಗಾದೆ ಒಳ್ಳೆಯ ಚಾಳಿಗೂ ಸಲ್ಲುತ್ತದೆ. ನಾವು ಗೌರವ ಕೊಟ್ಟರೆ ಚಾರ್ಜ್‌ಹ್ಯಾಂಡ್ ಕೂಡ ಕೊಡುತ್ತಾನೆ.

ಬಂಧುಗಳೇ, ಇಂದು ನಾವು ಕೂಡಿಸುವ ನಿಧಿ ಬಿದ್ದವರನ್ನು ಮೇಲೆತ್ತುತ್ತದೆ. ಅದಕ್ಕಾಗಿ ತಮ್ಮೆಲ್ಲರಿಗೂ ಕೃತಜ್ಞತೆಗಳು. ಬೀಳುವ ಮುನ್ನವೇ ಕೈ ಹಿಡಿಯುವುದು ಮಾತ್ರ ಯಾವ ನಿಧಿಯಿಂದಲೂ ಆಗದು. ಅದು ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋದಾಗ ನಾವೇ ಕೊಡಬೇಕಾದ ದಾನ.