ಹಳೆಯ ಕಾರುಗಳ ಯಾತ್ರೆ, ಜಾರುವ ಗುಡ್ಡದ ದಾರಿ

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಆಗಸ್ಟ್ ತಿಂಗಳಿನಲ್ಲಿ ಜರುಗುವ ಹಳೆಯ ಕಾರುಗಳ ಯಾತ್ರೆಯೊಂದರ ಕುರಿತು ಇಂದು ನಾನು ಮಾತನಾಡುವವನಿದ್ದೇನೆ. ಅಡಿಕೆ ಮತ್ತು ಕಾಳುಮೆಣಸಿನ ರೋಗಗಳ ವಿಚಾರ ಹೇಳಬೇಕಾದವನಿಗೆ ಕಾರುಗಳ ಗೊಡವೆ ಏಕೆ ಎಂದು ತಮಗೆ ಅನ್ನಿಸಿದರೆ ಅದು ಸಹಜವೇ. ಆದರೆ ಆ ಯಾತ್ರೆ ಸಾಗುವ ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಕಡಿದ ಧರೆ, ಧರೆಯ ಮೇಲೆ ರೋಗ ತಗುಲಿದ ಕಾಡು. ಇವುಗಳಲ್ಲಿ ಯಾವುದೂ ನಮಗೆ ಅಪರಿಚಿತವಲ್ಲ.

ಮಾಂಟೆರಿ ಪರ್ಯಾಯದ್ವೀಪದಲ್ಲಿ ಪೆಬಲ್ ಬೀಚ್ ಎಂಬ ಊರಿದೆ. ಅಲ್ಲಿ 1950ರಲ್ಲಿ ಕಾರುಗಳ ಸೊಬಗಿನ ಸ್ಪರ್ಧೆಯೊಂದು ಆರಂಭವಾಯಿತು. ಆಗ ಅದರ ಜೊತೆಯಲ್ಲಿ ಮರಗಳ ನಡುವಿನ ಕಿರಿದಾದ ರಸ್ತೆಗಳಲ್ಲಿ ಓಟದ ಪಂದ್ಯವೂ ನಡೆಯುತ್ತಿತ್ತು. 1956ರಲ್ಲಿ ಒಬ್ಬ ಚಾಲಕ ಮರಕ್ಕೆ ಅಪ್ಪಳಿಸಿ ಮೃತಪಟ್ಟ ಮೇಲೆ ಆ ಪಂದ್ಯ ನಿಂತಿತು. ಸೊಬಗಿನ ಸ್ಪರ್ಧೆ ಉಳಿದು ಬೆಳೆಯಿತು. ಕಾಲಕ್ರಮದಲ್ಲಿ ಅದಕ್ಕೊಂದು ದೋಷ ಅಂಟಿಕೊಂಡಿತು. ಮಾಲೀಕರು ಕಾರನ್ನು ಮುಚ್ಚಿದ ಲಾರಿಯಲ್ಲಿ ತಂದು, ಹುಲ್ಲುಹಾಸಿನ ಮೇಲೆ ಇಳಿಸಿ, ಒರೆಸಿ ಹೊಳಪು ಕೊಟ್ಟು, ಬಹುಮಾನ ಪಡೆದು ಮತ್ತೆ ಲಾರಿಗೇರಿಸಿಕೊಂಡು ಹೋಗುವುದು ಸಾಧ್ಯವಿತ್ತು. ಓಡದ ಕಾರೂ ಗೆಲ್ಲಬಹುದಾಗಿತ್ತು. 1998ರಲ್ಲಿ ಸಂಘಟಕರು ಸ್ಪರ್ಧೆಗೆ ಕೆಲವು ದಿನ ಮುಂಚೆ ಒಂದು ರಸ್ತೆ ಯಾತ್ರೆಯನ್ನು ಸೇರಿಸಿದರು. ಅಂತಿಮ ತೀರ್ಪಿನಲ್ಲಿ ಒಂದೇ ವರ್ಗದ ಎರಡು ಕಾರುಗಳು ಸಮ ಅಂಕ ಗಳಿಸಿದರೆ, ಯಾತ್ರೆಯನ್ನು ಪೂರೈಸಿದ ಕಾರಿಗೇ ಮನ್ನಣೆ ಎಂಬ ನಿಯಮವನ್ನೂ ತಂದರು. ಚೆಂದವಾಗಿ ಕಾಣುವುದರ ಜೊತೆಗೆ ತನ್ನ ಕೆಲಸ ಮಾಡಬಲ್ಲದೇ ಎಂಬುದೂ ಮುಖ್ಯವೆಂದು ಇದರಿಂದ ಸ್ಥಾಪಿತವಾಯಿತು.

ಈ ಯಾತ್ರೆ ಸಾಮಾನ್ಯವಾಗಿ ಹೆದ್ದಾರಿ 1ರಲ್ಲಿ ದಕ್ಷಿಣಕ್ಕೆ, ಬಿಗ್ ಸರ್ ಎಂಬ ಕರಾವಳಿಯ ಕಡೆಗೆ ಸಾಗುತ್ತದೆ. ಎಂಬತ್ತು, ತೊಂಬತ್ತು ವರ್ಷ ವಯಸ್ಸಿನ ವಾಹನವನ್ನು ಏರುದಾರಿಯಲ್ಲಿ ನಡೆಸುವುದು ಸುಲಭವಲ್ಲ. ಏರಿನಲ್ಲಿ ರೇಡಿಯೇಟರಿನ ನೀರು ಕುದಿಯುತ್ತದೆ. ಇಳಿಜಾರಿನಲ್ಲಿ ಡ್ರಮ್ ಬ್ರೇಕುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ನಮ್ಮ ಘಟ್ಟದ ರಸ್ತೆಗಳಲ್ಲಿ ಬಸ್ಸು, ಜೀಪುಗಳನ್ನು ತಿರುವಿನಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ, ಹಳ್ಳದ ನೀರನ್ನು ಹೊಯ್ಯುತ್ತಿದ್ದುದನ್ನು ಇಲ್ಲಿರುವ ಹಿರಿಯರು ಬಲ್ಲರು. ಇಂತಹ ವಾಹನದ ಚಾಲಕನಿಗೆ ಕಣ್ಣಿನಷ್ಟೇ ಕಿವಿಯೂ ಬೇಕು. ಎಂಜಿನ್ನಿನ ಸದ್ದು ಬದಲಾದರೆ, ಎಣ್ಣೆಯ ವಾಸನೆ ಬಂದರೆ, ಆತ ನಿಲ್ಲಿಸಿ ನೋಡುತ್ತಾನೆ. ಕೆಟ್ಟ ಮೇಲೆ ರಿಪೇರಿ ಮಾಡುವುದಕ್ಕಿಂತ ಕೆಡುವ ಮುನ್ನ ಗಮನಿಸುವುದು ಅವನ ರೂಢಿ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಉಪಯೋಗಕ್ಕೆ ಬರುತ್ತದೆ.

ಇನ್ನು ದಾರಿಯ ವಿಚಾರ. ಸಾಂಟಾ ಲೂಸಿಯಾ ಪರ್ವತಶ್ರೇಣಿ ಅಲ್ಲಿ ಕಡಲಿನಿಂದ ನೇರವಾಗಿ ಮೇಲೇಳುತ್ತದೆ. ಕೋನ್ ಪೀಕ್ ಎಂಬ ಶಿಖರದ ಎತ್ತರ ಸುಮಾರು 1,570 ಮೀಟರ್. ಅದು ಕಡಲಿನಿಂದ ಕೇವಲ 5 ಕಿಲೋಮೀಟರ್ ದೂರದಲ್ಲಿದೆ. ಇಂತಹ ಇಳಿಜಾರಿನಲ್ಲಿ ರಸ್ತೆಯ ಕನಸು ಕಂಡವರು ಮಾಂಟೆರಿಯ ವೈದ್ಯ ಜಾನ್ ರಾಬರ್ಟ್ಸ್. 1894ರಲ್ಲಿ ಅಲ್ಲಿ ಹಡಗೊಂದು ಮುಳುಗಿದಾಗ ಗಾಯಾಳುಗಳನ್ನು ತಲುಪಲು ಅವರು ಗಂಟೆಗಟ್ಟಲೆ ದುರ್ಗಮ ಹಾದಿಯಲ್ಲಿ ಸಾಗಬೇಕಾಯಿತು. ಬಳಿಕ 1897ರಲ್ಲಿ ಆ ಕರಾವಳಿಯನ್ನು ಕಾಲ್ನಡಿಗೆಯಲ್ಲಿ ಕ್ರಮಿಸಿ ದಾರಿಯ ನಕ್ಷೆ ಸಿದ್ಧಪಡಿಸಿದರು. ರೋಗಿಯ ಬಳಿಗೆ ವೈದ್ಯ ಹೋಗುವುದಕ್ಕೆ ಬೇಕಾಗಿದ್ದ ರಸ್ತೆ ಅದು. ಮಳೆಗಾಲದಲ್ಲಿ ಬಾಣಂತಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಕಾಲುಸಂಕ ದಾಟಿಸಿದ ಊರುಗಳವರಾದ ನಮಗೆ ರಸ್ತೆಯನ್ನು ಹಗುರವಾಗಿ ಟೀಕಿಸುವ ಹಕ್ಕಿಲ್ಲ.

ಕೆಲಸ 1919ರಲ್ಲಿ ಆರಂಭವಾಗಿ 1937ರಲ್ಲಿ ಮುಗಿಯಿತು. ಹದಿನೆಂಟು ವರ್ಷಗಳ ಈ ಕಾಮಗಾರಿಯಲ್ಲಿ ಸ್ಯಾನ್ ಕ್ವೆಂಟಿನ್ ಸೆರೆಮನೆಯ ಕೈದಿಗಳೂ ದುಡಿದರು. ಅವರ ದಿನಗೂಲಿ 35 ಸೆಂಟ್. ಯಾತ್ರಿಕರೆಲ್ಲ ಛಾಯಾಚಿತ್ರ ತೆಗೆಯುವ ಬಿಕ್ಸ್‌ಬಿ ಸೇತುವೆ 1932ರಲ್ಲಿ ಪೂರ್ಣಗೊಂಡಿತು. ಕಣಿವೆಯಿಂದ ಸುಮಾರು 80 ಮೀಟರ್ ಎತ್ತರದಲ್ಲಿರುವ ಕಾಂಕ್ರೀಟ್ ಕಮಾನು ಅದು. ಹೊಳೆಯುವ ಹಳೆಯ ಕಾರು ಆ ಸೇತುವೆಯ ಮೇಲೆ ಸಾಗುವ ಚಿತ್ರದಲ್ಲಿ ಸಿಡಿಮದ್ದು ಕಾಣುವುದಿಲ್ಲ, ಕಡಲಿಗೆ ಸುರಿದ ಕಲ್ಲುಮಣ್ಣು ಕಾಣುವುದಿಲ್ಲ, ಕೈದಿಯ ಬೆವರೂ ಕಾಣುವುದಿಲ್ಲ.

ಗುಡ್ಡ ಮಾತ್ರ ತನ್ನ ಬುಡ ಕಡಿದುದನ್ನು ಮರೆಯಲಿಲ್ಲ. ಅಲ್ಲಿನ ಬಹುಭಾಗದ ಬಂಡೆ ಭೂಮಿಯ ಒತ್ತಡಕ್ಕೆ ಸಿಕ್ಕಿ ನುಗ್ಗಾಗಿ, ಪುಡಿಪುಡಿಯಾಗಿ ಬೆರೆತುಹೋದದ್ದು. ಕೆಳಗಿನಿಂದ ಅಲೆಗಳು ಪಾದವನ್ನು ಕೊರೆಯುತ್ತವೆ. ನಡುವೆ ರಸ್ತೆ ಕಡಿದಿದೆ. ಮೇಲಿನಿಂದ ಮಳೆಯ ನೀರು ಇಂಗುತ್ತದೆ. ಮಣ್ಣಿನ ಕಣಗಳ ನಡುವೆ ನೀರು ತುಂಬಿ ಒತ್ತಡ ಏರಿದಂತೆ ಕಣಗಳು ಪರಸ್ಪರ ಹಿಡಿದುಕೊಳ್ಳುವ ಶಕ್ತಿ ಕುಗ್ಗುತ್ತದೆ. ಗುಡ್ಡ ಕುಸಿಯುವುದು ನೀರಿನ ಭಾರದಿಂದ ಮಾತ್ರವಲ್ಲ, ಒಳಗಿನ ಹಿಡಿತ ಸಡಿಲುವುದರಿಂದ. ಧಾರಾಕಾರ ಮಳೆ ನಿಂತು ಬಿಸಿಲು ಬಂದ ಮೇಲೂ ಧರೆ ಬೀಳುವುದುಂಟು; ಒಳಗಿನ ನೀರು ಬಸಿದು ಹೋಗಲು ಕಾಲ ಬೇಕು.

2017ರ ಫೆಬ್ರವರಿಯಲ್ಲಿ ಮಳೆಗೆ ಮಣ್ಣು ಜಾರಿ ಫೈಫರ್ ಕಣಿವೆಯ ಸೇತುವೆಯ ಕಂಬ ಕುಸಿಯಿತು. ಊರು ಎರಡು ಭಾಗವಾಯಿತು. ಶಾಲೆಯ ಮಕ್ಕಳೂ ಕೆಲಸಗಾರರೂ ಕಾಡಿನೊಳಗೆ ಮಾಡಿದ ಕಾಲುದಾರಿಯಲ್ಲಿ ನಡೆದು ಹೋಗಿಬರಬೇಕಾಯಿತು. ಹೊಸ ಸೇತುವೆ ಅಕ್ಟೋಬರಿನಲ್ಲಿ ತೆರೆಯಿತು. ಅದೇ ವರ್ಷ ಮೇ 20ರಂದು ಇನ್ನಷ್ಟು ದಕ್ಷಿಣದಲ್ಲಿ, ಮಡ್ ಕ್ರೀಕ್ ಎಂಬಲ್ಲಿ ಇಡೀ ಗುಡ್ಡದ ಮಗ್ಗುಲೇ ರಸ್ತೆಯನ್ನು ಹೂತು ಕಡಲಿಗೆ ಇಳಿಯಿತು. ಕಡಲಂಚಿನಲ್ಲಿ ಎಕರೆಗಟ್ಟಲೆ ಹೊಸ ನೆಲವೇ ಹುಟ್ಟಿತು. ಆ ಭಾಗ ಮತ್ತೆ ತೆರೆದದ್ದು 2018ರ ಜುಲೈನಲ್ಲಿ. ಖರ್ಚು ಸುಮಾರು 54 ದಶಲಕ್ಷ ಡಾಲರ್. 2020ರಲ್ಲಿ ಕಾಳ್ಗಿಚ್ಚು ಹಬ್ಬಿ ಬೆಟ್ಟದ ಹೊದಿಕೆ ಸುಟ್ಟಿತು. 2021ರ ಜನವರಿಯ ಮಳೆಗೆ ಆ ಬೋಳು ಬೆಟ್ಟದಿಂದ ಕೆಸರು, ಮರ, ಕಲ್ಲು ಹರಿದು ಬಂದು ಮೋರಿ ಕಟ್ಟಿ, ರ‍್ಯಾಟ್ ಕ್ರೀಕ್ ಬಳಿ ರಸ್ತೆಯ ತುಂಡೊಂದು ಕೊಚ್ಚಿಹೋಯಿತು. 2024ರ ಮಾರ್ಚ್ ಕೊನೆಯಲ್ಲಿ ರಾಕಿ ಕ್ರೀಕ್ ಬಳಿ ಒಂದು ಪಥದ ಅಂಚು ಕಡಲಿಗೆ ಜಾರಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಲುಕಿಕೊಂಡರು.

ಮಡ್ ಕ್ರೀಕಿನಲ್ಲಿ ಅಷ್ಟು ದೊಡ್ಡ ಕುಸಿತವಾದರೂ ಒಂದು ಜೀವವೂ ಹೋಗಲಿಲ್ಲ. ಕೆಲಸಗಾರರು ಗುಡ್ಡದ ಚಲನೆ ಹೆಚ್ಚುತ್ತಿರುವುದನ್ನು ಮುಂಚಿತವಾಗಿ ಗುರುತಿಸಿದ್ದರು, ಯಂತ್ರಗಳನ್ನೂ ಜನರನ್ನೂ ಅಲ್ಲಿಂದ ತೆರವುಗೊಳಿಸಿದ್ದರು, ರಸ್ತೆ ಮುಚ್ಚಿತ್ತು. ಹಳೆಯ ಕಾರಿನ ಚಾಲಕ ಎಂಜಿನ್ನಿನ ಸದ್ದಿಗೆ ಕಿವಿಗೊಡುವಂತೆ, ಅವರು ಗುಡ್ಡಕ್ಕೆ ಕಿವಿಗೊಟ್ಟರು.

ಈಗ ಕಾಡಿನ ವಿಚಾರಕ್ಕೆ ಬರುತ್ತೇನೆ. ಇದು ನನ್ನ ಕಸುಬಿಗೆ ಹತ್ತಿರದ್ದು. 1990ರ ದಶಕದ ಮಧ್ಯಭಾಗದಿಂದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಟ್ಯಾನ್ ಓಕ್ ಮತ್ತು ಓಕ್ ಮರಗಳು ಗುಂಪು ಗುಂಪಾಗಿ ಒಣಗತೊಡಗಿದವು. ಅತಿ ಹೆಚ್ಚು ಪೆಟ್ಟು ತಿಂದ ಪ್ರದೇಶಗಳಲ್ಲಿ ಬಿಗ್ ಸರ್ ಒಂದು. 2000ದಲ್ಲಿ ಡೇವಿಡ್ ರಿಜ್ಜೋ ಮತ್ತು ಮತ್ತಿಯೋ ಗಾರ್ಬೆಲೊಟ್ಟೊ ಎಂಬ ವಿಜ್ಞಾನಿಗಳು ಕಾರಣವನ್ನು ಬೇರ್ಪಡಿಸಿ ತೋರಿಸಿದರು. ಅದು ಫೈಟಾಫ್ತೊರಾ ಜಾತಿಯ ಸೂಕ್ಷ್ಮಜೀವಿ. ಮುಂದೆ ಅದಕ್ಕೆ ಫೈಟಾಫ್ತೊರಾ ರ‍್ಯಾಮೋರಮ್ ಎಂಬ ಹೆಸರು ನೆಲೆಯಾಯಿತು. ಫೈಟಾಫ್ತೊರಾ ಎಂದರೆ ಗ್ರೀಕ್ ಭಾಷೆಯಲ್ಲಿ ಸಸ್ಯನಾಶಕ. ನಮ್ಮ ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಶೀಘ್ರ ಸೊರಗು ರೋಗ, 1845ರ ಐರ್ಲೆಂಡಿನ ಆಲೂಗಡ್ಡೆಯ ಅಂಗಮಾರಿ, ಇವೆಲ್ಲ ಆ ಕುಲದವರದೇ ಕೃತ್ಯ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಕಾರಣವನ್ನು ವಿವರಿಸಿ ಬೋರ್ಡೋ ಮಿಶ್ರಣದ ಸಿಂಪಡಣೆಗೆ ದಾರಿ ತೋರಿದರು. ಇಂದಿಗೂ ಮಳೆಗಾಲಕ್ಕೆ ಮುನ್ನ ಮೈಲುತುತ್ತ, ಸುಣ್ಣ ಕದಡುವ ನಾವು ಆ ಪರಂಪರೆಯವರು.

ಈ ಕುಲದ ಜೀವಿಗಳಿಗೆ ನೀರೇ ವಾಹನ. ಅಲ್ಲಿ ಬೇ ಲಾರೆಲ್ ಎಂಬ ಮರದ ಎಲೆಗಳಲ್ಲಿ ಬೀಜಾಣುಗಳು ಹೇರಳವಾಗಿ ಹುಟ್ಟುತ್ತವೆ. ಆ ಮರ ತಾನು ಸಾಯುವುದಿಲ್ಲ. ಮಳೆ ಗಾಳಿಯಲ್ಲಿ ನೆರೆಯ ಮರಗಳಿಗೆ ರೋಗವನ್ನು ಹಂಚುತ್ತದೆ. ದೂರದ ಊರುಗಳಿಗೆ ಅದನ್ನು ಒಯ್ಯುವವರು ಮನುಷ್ಯರು: ನರ್ಸರಿಯ ಸಸಿಗಳ ಮೂಲಕ, ಬೂಟು ಮತ್ತು ಚಕ್ರಗಳಿಗೆ ಅಂಟಿದ ಕೆಸರಿನ ಮೂಲಕ. ಸೋಂಕಿತ ಕಾಡಿನಿಂದ ಹೊರಬರುವಾಗ ಪಾದರಕ್ಷೆ ಮತ್ತು ಟಯರುಗಳ ಮಣ್ಣು ತೊಳೆದುಕೊಳ್ಳಿ ಎಂದು ಅಲ್ಲಿ ತಿಳಿವಳಿಕೆ ನೀಡಲಾಗುತ್ತದೆ.

ಹಾಗಾದರೆ ಹಳೆಯ ಕಾರುಗಳ ಯಾತ್ರೆ ಅಪರಾಧಿಯೇ? ನ್ಯಾಯವಾಗಿ ಹೇಳಬೇಕು. ಅಲ್ಲಿ ಆಗಸ್ಟ್ ಒಣ ತಿಂಗಳು; ಯಾತ್ರೆ ಸಾಗುವುದು ಡಾಂಬರಿನ ಮೇಲೆ. ಕೆಸರು ಹೊತ್ತೊಯ್ಯುವ ಸಂಭವ ಕಡಿಮೆ. ಹೊಗೆಯ ವಿಷಯದಲ್ಲಿ ಹಳೆಯ ಎಂಜಿನ್ ನಿಶ್ಚಯವಾಗಿ ಕೊಳಕು. ಹೊಗೆ ಶುದ್ಧಗೊಳಿಸುವ ಸಾಧನ ಅದರಲ್ಲಿಲ್ಲ. 1975 ಮತ್ತು ಅದಕ್ಕೂ ಹಿಂದಿನ ಮಾದರಿಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಹೊಗೆ ತಪಾಸಣೆಯ ವಿನಾಯಿತಿಯೂ ಇದೆ. ಆದರೆ ಅವು ವರ್ಷದಲ್ಲಿ ಓಡುವುದು ಕೆಲವೇ ದಿನ. ಗುಡ್ಡಕ್ಕೆ ಭಾರವಾಗುವುದು ವರ್ಷವಿಡೀ ಬರುವ ಪ್ರವಾಸಿಗರ ಸಾಲು. ಕಣ್ಣಿಗೆ ಎದ್ದು ಕಾಣುವುದನ್ನು ದೂಷಿಸಿ, ದಿನನಿತ್ಯದ್ದನ್ನು ಮರೆಯುವುದು ವಿಜ್ಞಾನವಲ್ಲ.

ಆ ದಾರಿಯಿಂದ ನಾವು ಕಲಿಯಬೇಕಾದದ್ದು ಬೇರೆಯೇ ಇದೆ. 1976ರ ಕ್ಯಾಲಿಫೋರ್ನಿಯಾ ಕರಾವಳಿ ಕಾಯಿದೆ, ಗ್ರಾಮೀಣ ಕರಾವಳಿಯಲ್ಲಿ ಹೆದ್ದಾರಿ 1 ಎರಡೇ ಪಥದ ರಮಣೀಯ ರಸ್ತೆಯಾಗಿ ಉಳಿಯತಕ್ಕದ್ದು ಎಂದು ಹೇಳುತ್ತದೆ. ಹಣಕ್ಕೆ ಬಡತನವಿಲ್ಲದ ನಾಡು, ಕಾರನ್ನು ಆರಾಧಿಸುವ ನಾಡು, ಆದರೂ ಅಲ್ಲಿ ಅಗಲಿಸುವುದಿಲ್ಲ ಎಂದು ಕಾನೂನಿನಲ್ಲಿಯೇ ಬರೆದುಕೊಂಡಿತು. ಹಳೆಯ ಕಾರು ಇಂದಿಗೂ ಆ ದಾರಿಗೆ ಹೊಂದುವುದು ಇದರಿಂದಲೇ. ಎರಡೂ ಒಂದೇ ಕಾಲದವು, ಎರಡಕ್ಕೂ ಅವಸರ ಸಲ್ಲದು. ನಮ್ಮ ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಇದನ್ನು ಹಾಗೆಯೇ ಅನ್ವಯಿಸಲಾಗದು, ನಿಜ. ಅವರಿಗೆ ಸರಕು ಸಾಗಿಸಲು ಒಳನಾಡಿನಲ್ಲಿ ಬೇರೆ ಹೆದ್ದಾರಿ ಇದೆ. ನಮಗೆ ಕರಾವಳಿಯ ದಾರಿಯೇ ಹೆದ್ದಾರಿ. ಆದರೆ 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಏನಾಯಿತು? ಚತುಷ್ಪಥಕ್ಕಾಗಿ ಬುಡ ಕಡಿದಿದ್ದ ಗುಡ್ಡ ಭಾರಿ ಮಳೆಗೆ ಇಳಿದು, ರಸ್ತೆ ಬದಿಯ ಚಹಾದಂಗಡಿಯನ್ನೂ ಅಲ್ಲಿದ್ದವರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ಒಂದು ಲಾರಿಯನ್ನು ಅದರ ಚಾಲಕನ ದೇಹದೊಡನೆ ನದಿಯಿಂದ ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಮಡ್ ಕ್ರೀಕಿಗೂ ಶಿರೂರಿಗೂ ಇರುವ ಅಂತರ ಮಣ್ಣಿನದೊಂದೇ ಅಲ್ಲ. ಅಲ್ಲಿ ಗುಡ್ಡವನ್ನು ಕಾಯುವವರಿದ್ದರು. ಇಲ್ಲಿ ಗುಡ್ಡದ ಕೆಳಗೆ ಚಹಾ ಕುದಿಯುತ್ತಿತ್ತು.

ಆದ್ದರಿಂದ ನಮ್ಮೂರಿಗೆ ರಸ್ತೆಯ ಕಾಮಗಾರಿ ಬಂದಾಗ ಮೂರು ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಕೇಳೋಣ. ಮೇಲಿನಿಂದ ಬರುವ ನೀರಿಗೆ ಚರಂಡಿ ಎಲ್ಲಿ, ಮೋರಿ ಎಷ್ಟು ಅಗಲ? ಕಡಿದ ಮಣ್ಣನ್ನು ಎಲ್ಲಿ ಸುರಿಯುತ್ತೀರಿ? ಧರೆಯನ್ನು ನೆಟ್ಟಗೆ ಕಡಿಯುತ್ತೀರೋ, ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತೀರೋ? ತೋಟದ ಬಸಿಗಾಲುವೆಯನ್ನು ವರ್ಷವರ್ಷ ಬಿಡಿಸುವ ರೈತನಿಗೆ ಈ ಪ್ರಶ್ನೆಗಳು ಎಂಜಿನಿಯರಿಗಿಂತ ಕಡಿಮೆ ಅರ್ಥವಾಗುವುದಿಲ್ಲ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ಮೇ ತಿಂಗಳೊಳಗೆ ನಿಮ್ಮೂರಿನ ದಾರಿಯನ್ನು ಒಮ್ಮೆ ನಡೆದು ನೋಡಿ. ಕಟ್ಟಿಕೊಂಡ ಮೋರಿಗಳನ್ನು ನಕ್ಷೆಯಲ್ಲಿ ಗುರುತಿಸಿ. ಧರೆಯ ನೆತ್ತಿಯಲ್ಲಿ ಬಿರುಕಿದೆಯೇ, ಮರ ಅಥವಾ ಬೇಲಿಕಂಬ ವಾಲಿದೆಯೇ, ನೋಡಿ ಬರೆದಿಡಿ. ಮಳೆ ಹಿಡಿದ ಮೇಲೆ ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕದಡಿದರೆ, ಬಿರುಕು ಅಗಲವಾದರೆ, ಆ ಧರೆಯ ಕೆಳಗಿನ ಮನೆಯವರಿಗೆ ಅಂದೇ ತಿಳಿಸಿ, ರಾತ್ರಿಗೆ ಬೇರೆಡೆ ಮಲಗಲು ಹೇಳಿ. ಪಂಚಾಯಿತಿಗೂ ಲಿಖಿತವಾಗಿ ಕೊಡಿ. ಇದಕ್ಕೆ ಉಪಕರಣ ಬೇಡ; ಹಳೆಯ ಕಾರಿನ ಚಾಲಕನಲ್ಲಿರುವಂತಹ ಕಣ್ಣು, ಕಿವಿ ಮತ್ತು ನಿಲ್ಲಿಸಿ ನೋಡುವ ತಾಳ್ಮೆ ಸಾಕು.