ಗಂಗೆಗೆ ಹೋದ ಚಂಪಾದ ದೊರೆ

ವಿರಾರ್, ಡೊಂಬಿವಲಿಗಳಿಂದ ಭಾನುವಾರದ ಮೆಗಾಬ್ಲಾಕ್ ದಾಟಿಕೊಂಡು ಅಂಧೇರಿಗೆ ಬಂದಿರುವ ಕನ್ನಡ, ತುಳು ಬಂಧುಗಳೇ,

ದೀಪ ಬೆಳಗಿಸಿ ಆಯಿತು, ಶಾಲು ಹಾರಗಳೂ ಆದವು. ನನ್ನ ಮಾತು ಮುಗಿದರೆ ನೀವು ಒಳಗೆ ಹೋಗಿ ಚಿತ್ರಗಳನ್ನು ನೋಡಬಹುದು. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಈ ಪ್ರದರ್ಶನ ಚಾಮ್ ಜನರ ಬಗ್ಗೆ. ಈಗಿನ ವಿಯೆಟ್ನಾಮಿನ ನಡು ಮತ್ತು ದಕ್ಷಿಣ ಕರಾವಳಿಯಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ಇವರ ಚಂಪಾ ರಾಜ್ಯಗಳಿದ್ದವು. ಅಮರಾವತಿ, ವಿಜಯ, ಕೌಠಾರ, ಪಾಂಡುರಂಗ ಎಂಬವು ಆ ರಾಜ್ಯಗಳ ಹೆಸರು. 1471ರಲ್ಲಿ ವಿಜಯ ಬಿತ್ತು. ಕೊನೆಗೆ ಉಳಿದಿದ್ದ ಪಾಂಡುರಂಗವನ್ನು 1832ರಲ್ಲಿ ವಿಯೆಟ್ನಾಮಿನ ಚಕ್ರವರ್ತಿ ಮಿನ್ ಮಾಂಗ್ ನುಂಗಿ ಹಾಕಿದ.

ವಾರಕರಿಗಳ ನಾಡಿನಲ್ಲಿ ಕುಳಿತು ಪಾಂಡುರಂಗ ಎಂಬ ಹೆಸರು ಕೇಳಿದರೆ ನಮಗೆ ಮೈಯುಬ್ಬುವುದು ಸಹಜ. 'ಎಲ್ಲ ನಮ್ಮವರೇ ಹೋಗಿ ಕಟ್ಟಿದ್ದು' ಎಂದುಬಿಡುತ್ತೇವೆ. ಆರ್.ಸಿ. ಮಜುಂದಾರರು ಚಂಪಾದ ಬಗ್ಗೆ 1927ರಲ್ಲಿ ಹೊರತಂದ ದೊಡ್ಡ ಗ್ರಂಥ ಬಂದದ್ದೂ ಪ್ರಾಚೀನ ಭಾರತದ ವಸಾಹತುಗಳು ಎಂಬ ಮಾಲೆಯಲ್ಲೇ. ಬ್ರಿಟಿಷರ ಕೈಕೆಳಗಿದ್ದ ದೇಶದ ವಿದ್ವಾಂಸರಿಗೆ ನಮಗೂ ಒಂದು ಕಾಲದಲ್ಲಿ ವಸಾಹತುಗಳಿದ್ದವು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ನಾವು ಈಗಲೂ ಅದೇ ರಾಗ ಎಳೆದರೆ, ಈ ಚಿತ್ರಗಳಲ್ಲಿ ನಮ್ಮ ಮುಖವನ್ನಷ್ಟೇ ನೋಡಿಕೊಂಡು ಮನೆಗೆ ಹೋಗುತ್ತೇವೆ.

ಚಾಮರ ಭಾಷೆ ಮಲಯ ಭಾಷೆಯ ಬಳಗದ್ದು. ಲಿಪಿ ಮಾತ್ರ ನಮ್ಮ ಕನ್ನಡ ಲಿಪಿಯ ಹಾಗೆ ಬ್ರಾಹ್ಮಿಯ ಸಂತಾನ. ಆ ಇಡೀ ಭಾಷಾಬಳಗದಲ್ಲೇ ನಮಗೆ ದೊರೆತ ಅತಿ ಹಳೆಯ ಬರಹ ಹಳೆಯ ಚಾಮ್ ಭಾಷೆಯ ಒಂದು ಶಾಸನ. ಅದು ಸುಮಾರು ನಾಲ್ಕನೆಯ ಶತಮಾನದ್ದು. ಅದೇ ಸುಮಾರಿಗೆ ಭದ್ರವರ್ಮನೆಂಬ ದೊರೆ ಮಿ ಸನ್ ಕಣಿವೆಯಲ್ಲಿ ಶಿವನನ್ನು ಸ್ಥಾಪಿಸಿ, ತನ್ನ ಹೆಸರನ್ನೂ ಸೇರಿಸಿ ಭದ್ರೇಶ್ವರ ಎಂದು ಕರೆದ. ಇನ್ನೊಬ್ಬ ದೊರೆ ಗಂಗರಾಜ. ಅವನು ಸಿಂಹಾಸನ ಬಿಟ್ಟು ಗಂಗೆಯ ದರ್ಶನಕ್ಕೆ ಹೊರಟನೆಂದು ಮಿ ಸನ್‌ನ 658ರ ಶಾಸನ ಹೇಳುತ್ತದೆ. ನಾವು ಅಲ್ಲಿಗೆ ಹೋದ ಕಥೆಯನ್ನು ಎಷ್ಟು ಸಲ ಹೇಳಿಕೊಂಡಿದ್ದೇವೆ! ಅಲ್ಲಿಂದ ರಾಜ್ಯ ತೊರೆದು ಇಲ್ಲಿಗೆ ಹೊರಟವನ ಕಥೆಯನ್ನು ನಮ್ಮ ಯಾವ ಪಠ್ಯಪುಸ್ತಕದಲ್ಲೂ ನಾನು ಓದಿಲ್ಲ. ಚಾಮರು ತಮಗೆ ಬೇಕಾದದ್ದನ್ನು ಬೇಕೆಂದೇ ತೆಗೆದುಕೊಂಡರು, ತೆಗೆದುಕೊಂಡದ್ದನ್ನು ತಮ್ಮದೇ ರೀತಿಯಲ್ಲಿ ಬಾಳಿದರು. ನನಗೆ ಹೇಳಲಿಕ್ಕಿರುವುದು ಇಷ್ಟೇ.

ಎಡಗಡೆ ಗೋಡೆಯಲ್ಲಿ ಪೋ ಕ್ಲಾಂಗ್ ಗರಾಯ್ ಗುಡಿಯ ಚಿತ್ರವಿದೆ. ಒಳಗಿರುವುದು ಮುಖಲಿಂಗ. ಆ ಮುಖ ಹಳೆಯ ದೊರೆಯೊಬ್ಬನದು. ಹೊಲಗಳಿಗೆ ಕಾಲುವೆ ತೋಡಿಸಿ ನೀರು ತಂದವನೆಂದು ಐತಿಹ್ಯ. ಅವನನ್ನು ಶಿವನಿಂದ ಬೇರೆ ಮಾಡಿ ನೋಡುವುದು ಅಲ್ಲಿಯವರಿಗೆ ಗೊತ್ತಿಲ್ಲ. ಬಾಗಿಲಲ್ಲಿ ಕಲ್ಲಿನ ನಂದಿ ಮಲಗಿದೆ. ಬೆಳೆ ಚೆನ್ನಾಗಿ ಬರಲಿ ಎಂದು ರೈತರು ಅದರ ಮೂತಿಯ ಮುಂದೆ ಹಸಿ ಸೊಪ್ಪು, ಅಡಿಕೆ ಇಡುತ್ತಾರೆ. ಚಾಮರ ಕಟೆ ಹಬ್ಬದ ದಿನ ದೇವರಿಗೆ ಉಡಿಸುವ ವಸ್ತ್ರಗಳು ಅವರ ಬಳಿ ಇರುವುದಿಲ್ಲ. ಗುಡ್ಡಗಾಡಿನ ರಗ್ಲಾಯ್ ಜನ ಅವನ್ನು ಜೋಪಾನವಾಗಿ ಕಾದಿಟ್ಟು, ಮೆರವಣಿಗೆಯಲ್ಲಿ ತಂದು ಒಪ್ಪಿಸುತ್ತಾರೆ. ಆಮೇಲೆಯೇ ದೇವರಿಗೆ ಮೀಯಿಸಿ ಉಡಿಸುವುದು.

ಇನ್ನು ಧರ್ಮದ ಸಂಗತಿ. ಪಾಂಡುರಂಗದ ಚಾಮರಲ್ಲಿ ಎರಡು ಪಂಗಡ. ಅಹಿಯರ್ ಪಂಗಡದವರನ್ನು ಬಾಲಮೋನ್, ಅಂದರೆ ಬ್ರಾಹ್ಮಣ ಮತದವರು ಎನ್ನುತ್ತಾರೆ. ಅವರು ದನದ ಮಾಂಸ ಮುಟ್ಟುವುದಿಲ್ಲ. ಅವಲ್ ಪಂಗಡದವರು ಬಾನಿಗಳು. ಇಸ್ಲಾಮನ್ನು ತಮ್ಮದೇ ರೀತಿಯಲ್ಲಿ ಒಪ್ಪಿಕೊಂಡವರು, ಹಂದಿ ಮುಟ್ಟುವುದಿಲ್ಲ. ರಮುವಾನ್, ಅಂದರೆ ಅವರ ರಂಜಾನ್ ತಿಂಗಳಲ್ಲಿ ಬಾನಿಗಳ ಪುರೋಹಿತರು ಮಸೀದಿಯಲ್ಲೇ ಉಳಿದು ತಂತಮ್ಮ ಕುಟುಂಬಗಳ ಪರವಾಗಿ ಉಪವಾಸ ಮಾಡುತ್ತಾರೆ. ಈ ಎರಡು ಪಂಗಡಗಳನ್ನು ಅವರು ಗಂಡು ಹೆಣ್ಣಿನ ಹಾಗೆ ಜೋಡಿಯಾಗಿ ಕಾಣುತ್ತಾರೆ. ಕೆಲವು ಆಚರಣೆಗಳಿಗೆ ಎರಡೂ ಕಡೆಯ ಪುರೋಹಿತರು ಬರಬೇಕು.

ಇದು ವಿಚಿತ್ರ ಎನ್ನುವವರಿಗೆ ನಮ್ಮ ಬೊಬ್ಬರ್ಯನನ್ನು ನೆನಪಿಸಬೇಕಾಗುತ್ತದೆ. ಕಡಲಿಗೆ ಇಳಿಯುವ ಮೊಗವೀರರನ್ನು ಕಾಯುವ ದೈವದ ತಂದೆ ಬ್ಯಾರಿ, ಅಂದರೆ ಮುಸಲ್ಮಾನ, ಎಂದು ತುಳು ಪಾಡ್ದನ ಹೇಳುತ್ತದಲ್ಲ! ಮೂಲ್ಕಿಯ ಬಪ್ಪನಾಡಿನ ದುರ್ಗೆಯ ಗುಡಿಯ ಕಥೆ ಬಪ್ಪ ಬ್ಯಾರಿಯನ್ನು ಬಿಟ್ಟು ಮುಂದೆ ಸಾಗುವುದಿಲ್ಲ. ಮೊಗವೀರರು ಮುಂಬಯಿಗೆ ಬಂದು 1902ರಲ್ಲೇ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರು. ಇಂದು ಇದೇ ಅಂಧೇರಿಯಲ್ಲಿ ಅದರ ವಿದ್ಯಾಸಂಸ್ಥೆಗಳಿವೆ. ಊರು ಬಿಟ್ಟರೂ ಬೊಬ್ಬರ್ಯನನ್ನು ಬಿಟ್ಟವರಲ್ಲ.

ಚಾಮರಲ್ಲಿ ಆಸ್ತಿ ಹೆಣ್ಣುಮಕ್ಕಳಿಗೆ, ಮದುವೆಯಾದ ಗಂಡು ಹೆಂಡತಿಯ ಮನೆಗೆ. ಅಳಿಯಕಟ್ಟಿನ ಮನೆಗಳಲ್ಲಿ ಹುಟ್ಟಿದ ನಮಗೆ ಇದರಲ್ಲಿ ಅರ್ಧ ಗೊತ್ತಿದ್ದದ್ದೇ. ನಮ್ಮ 'ಬರಿ', ಅಂದರೆ ಕುಲ, ಕೂಡ ತಾಯಿಯ ಕಡೆಯಿಂದಲೇ ಬರುವುದು. ಅಹಿಯರ್ ಪಂಗಡದವರು ಶವ ಸುಟ್ಟ ಬಳಿಕ ಹಣೆಯ ಮೂಳೆಯ ಒಂಬತ್ತು ತುಂಡುಗಳನ್ನು ಪುಟ್ಟ ಲೋಹದ ಡಬ್ಬಿಯಲ್ಲಿ ಎತ್ತಿಡುತ್ತಾರೆ. ಎಷ್ಟೋ ಸಮಯದ ನಂತರ ಅವನ್ನು ಕೂಟ್ ಎಂಬ ಕಲ್ಲುಗಳ ಸ್ಥಳಕ್ಕೆ ಸೇರಿಸುತ್ತಾರೆ. ಆ ಕಲ್ಲುಗಳು ತಾಯಿಯ ಕುಲದವು. ಗಂಡಸು ಜೀವಮಾನವಿಡೀ ಹೆಂಡತಿಯ ಮನೆಯಲ್ಲಿದ್ದರೂ ಕೊನೆಗೆ ಅಮ್ಮನ ಕಲ್ಲಿನ ಕೆಳಗೆ ಹೋಗಿ ಸೇರುತ್ತಾನೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಾವ್ ತ್ರುಕ್ ಊರಿನ ಮಡಕೆಯ ಚಿತ್ರಗಳು. ಅಲ್ಲಿ ಕುಂಬಾರಿಕೆ ಹೆಂಗಸರ ಕೆಲಸ, ತಿಗರಿ ಇಲ್ಲ. ಮಣ್ಣಿನ ಮುದ್ದೆಯನ್ನು ಪೀಠದ ಮೇಲಿಟ್ಟು, ಸೊಂಟ ಬಗ್ಗಿಸಿ, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಅದನ್ನು ಸುತ್ತುತ್ತಾರೆ. ಮಡಕೆ ನಿಂತಲ್ಲೇ ಇರುತ್ತದೆ, ತಿರುಗುವವಳು ಕುಂಬಾರ್ತಿ. ಸುಡುವುದು ಬಯಲಲ್ಲಿ, ಸೌದೆ ಹುಲ್ಲು ಹೊದಿಸಿ. ಈ ಕಲೆಗೆ ತುರ್ತು ರಕ್ಷಣೆ ಬೇಕು ಎಂದು 2022ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿತು. ನಾಲ್ಕು ಚಿತ್ರಗಳನ್ನು ಒಂದರ ಪಕ್ಕ ಒಂದು ಹಾಕಿದ್ದಾರೆ, ಅವಳ ಕಾಲುಗಳನ್ನು ಗಮನಿಸಿ.

ಕಟ್ಟಡಗಳ ಬಗ್ಗೆ ಫಲಕಗಳೇ ಹೇಳುತ್ತವೆ. 1969ರಲ್ಲಿ ಅಮೆರಿಕದ ಬಾಂಬು ಮಿ ಸನ್‌ನ ಅತ್ಯಂತ ದೊಡ್ಡ ಗೋಪುರವನ್ನು ಕೆಡವಿತು. ನಮ್ಮ ಪುರಾತತ್ವ ಇಲಾಖೆ ಅಲ್ಲಿ ಜೀರ್ಣೋದ್ಧಾರ ಮಾಡುವಾಗ, 2020ರಲ್ಲಿ, ಒಂಬತ್ತನೆಯ ಶತಮಾನದ ಏಕಶಿಲೆಯ ಲಿಂಗ ಸಿಕ್ಕಿತು. ಆ ಸುದ್ದಿ ವಾಟ್ಸಾಪಿನಲ್ಲಿ ನಮಗೆಲ್ಲ ಬಂದೇ ಇರುತ್ತದೆ. ಅದೇ ವಾಟ್ಸಾಪ್ ಪೋ ನಗರ್ ದೇವಿಯ ಬಗ್ಗೆ ಏನೂ ಹೇಳುವುದಿಲ್ಲ. ನ್ಯಾ ಟ್ರಾಂಗ್‌ನಲ್ಲಿರುವ ಅವಳ ಗುಡಿಯನ್ನು 774ರಲ್ಲಿ ಹಡಗಿನಲ್ಲಿ ಬಂದ ಕೊಳ್ಳೆಗಾರರು ಸುಟ್ಟರು. ದೊರೆ ಸತ್ಯವರ್ಮ ಮತ್ತೆ ಕಟ್ಟಿಸಿದ. ಚಾಮರಿಗೆ ಅವಳು ನಾಡತಾಯಿ, ಸಂಸ್ಕೃತ ಶಾಸನಗಳಲ್ಲಿ ಭಗವತಿ. ಈಗ ವಿಯೆಟ್ನಾಮೀಯರೂ ಬೇರೆ ಹೆಸರಿನಲ್ಲಿ ಅವಳಿಗೇ ಊದುಬತ್ತಿ ಹಚ್ಚುತ್ತಾರೆ. ಇಂಥದ್ದು ಅಂಧೇರಿಗೂ ಹೊಸದಲ್ಲ. ಕೊಂಡಿವಿಟೆಯ ಬೌದ್ಧ ವಿಹಾರಗಳು ಮಹಾಕಾಳಿಯ ಹೆಸರಿನಲ್ಲಿ ಉಳಿದಿವೆ. ಅಲ್ಲಿನ ಸ್ತೂಪವನ್ನು ಒಮ್ಮೆಯೂ ನೋಡದೆ ಮಹಾಕಾಳಿ ಕೇವ್ಸ್ ರೋಡಿನ ಟ್ರಾಫಿಕ್ಕಿನಲ್ಲಿ ದಿನಾ ಸಿಕ್ಕಿಕೊಳ್ಳುವವರು ಈ ಸಭೆಯಲ್ಲೂ ಇರಬಹುದು.

ಕೊನೆಯ ಕೋಣೆಯಲ್ಲಿ ಬಣ್ಣದ ಚಿತ್ರಗಳಿಲ್ಲ. ಅದು ಕಾಂಬೋಡಿಯಕ್ಕೆ ವಲಸೆ ಹೋಗಿ ನೆಲೆಸಿದ, ಹೆಚ್ಚಿನವರು ಮುಸಲ್ಮಾನರಾದ ಚಾಮರದು. 1975ರಿಂದ 1979ರವರೆಗೆ ಖ್ಮೇರ್ ರೂಜ್ ಆಡಳಿತ ಅವರ ನಮಾಜು ನಿಲ್ಲಿಸಿತು, ಬಲವಂತವಾಗಿ ಹಂದಿ ಮಾಂಸ ತಿನ್ನಿಸಿತು, ಊರಿಗೆ ಊರನ್ನೇ ಕೊಂದಿತು. ಅದು ಚಾಮರ ನರಮೇಧವೆಂದು ಕಾಂಬೋಡಿಯದ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟದ್ದು 2018ರಲ್ಲಿ. ಮಕ್ಕಳನ್ನು ಕರೆತಂದವರು ಆ ಕೋಣೆಯನ್ನು ತಪ್ಪಿಸಿ ನೇರವಾಗಿ ಚಹಾದ ಕಡೆ ಹೋಗಬೇಡಿ. ಜೊತೆಗೆ ನಿಂತು, ಕೇಳಿದ್ದಕ್ಕೆ ಉತ್ತರ ಹೇಳಿ. ಪ್ರದರ್ಶನವನ್ನು ಉದ್ಘಾಟಿಸಿದ್ದೇನೆ. ಬನ್ನಿ, ಒಳಗೆ ಹೋಗೋಣ.